ಕಾರ್ಡು ತೋರಿಸಿ ಮನೆ ಹುಡುಕಿದ ವಾರ

ಮದುವೆಗೆ ಇನ್ನು ಏಳೇ ದಿನ. ಕಲ್ಯಾಣಮಂಟಪ ಸಿಕ್ಕಿತ್ತು, ಅಡುಗೆಯವರು ಸಿಕ್ಕಿದ್ದರು, ವಾಲಗದವರೂ ಒಪ್ಪಿದ್ದರು. ಸಿಗದೆ ಉಳಿದದ್ದು ನಾವಿಬ್ಬರು ಇರಲಿಕ್ಕೊಂದು ಮನೆ.

ನನ್ನದು ಗುಬ್ಬಿ, ಸಂಗಮೇಶ್ ಅವರದು ಕುಣಿಗಲ್. ಅಲ್ಲಿ ಅವರಿಗೆ ನೀರಿನ ಮೋಟರುಗಳ ಅಂಗಡಿ; ಷಟರ್ ಎತ್ತುವುದೇ ಹತ್ತು ಗಂಟೆಗೆ. ನಾನು ತುಮಕೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಗ್ಗೆ ಆರೂವರೆಗೆಲ್ಲ ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ಐದು ನಿಮಿಷ ತಡವಾದರೆ ನನ್ನನ್ನೇ ತಿನ್ನುವ ಹಾಗೆ ನೋಡುತ್ತಾರೆ. ಕುಣಿಗಲ್ಲಿನಿಂದ ಆ ಹೊತ್ತಿಗೆ ಬಂದು ಮುಟ್ಟುವುದು ಆಗದ ಮಾತು. ಗುಬ್ಬಿಯಿಂದಾದರೆ ಬರಬಹುದು, ಆದರೆ ಮದುವೆಯಾದ ವಾರಕ್ಕೇ ತವರಲ್ಲಿ ಹೋಗಿ ಕೂತರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಮದುವೆ ಭಾನುವಾರ, ಮಂಗಳವಾರದಿಂದ ಧನುರ್ಮಾಸ. ಆ ತಿಂಗಳು ಪೂರ್ತಿ ಹೊಸ ಮನೆಯಲ್ಲಿ ಹಾಲುಕ್ಕಿಸುವಂತಿಲ್ಲ. ಅಂದರೆ ಮದುವೆಯ ಮರುದಿನ ಸೋಮವಾರದೊಳಗೆ ಮನೆಯಾಗಬೇಕು. ಆ ವಾರದ ಗುರುವಾರ ಡ್ಯೂಟಿಗೆ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಹೇಳಿಯೇ ಲ್ಯಾಬಿನವರು ರಜೆ ಕೊಟ್ಟಿದ್ದರು. ಆರು ವರ್ಷದ ಕೆಲಸ. ಅದು ಕೈಬಿಟ್ಟು ಹೋಗುತ್ತದೆ ಅಂದುಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

"ಸಿಗ್ದಿದ್ರೆ ಬುಡವ್ವ, ನಮ್ಮನೇಲಿ ಆರಾಮಾಗಿರು" ಎಂದಿದ್ದರು ನನಗೆ ಅತ್ತೆಯಾಗಲಿದ್ದ ಗಂಗಾಂಬಿಕೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆರಾಮಾಗಿರುವುದು ನನಗೆ ಬಾರದ ವಿದ್ಯೆ ಎಂದು ಅವರಿಗಿನ್ನೂ ಗೊತ್ತಿರಲಿಲ್ಲ.

ಸೋಮವಾರ ಸಂಗಮೇಶ್ ಬೈಕಿನಲ್ಲಿ ಬಂದರು. ಶಿರಾಗೇಟಿನಿಂದ ಶುರುಮಾಡಿದೆವು. ಮೊದಲ ನಾಲ್ಕು ಮನೆಯವರೂ ಒಂದೇ ಪ್ರಶ್ನೆ ಕೇಳಿದರು.

"ಮದ್ವೆ ಆಗಿದ್ಯಾ?"

"ಭಾನುವಾರ ಸಾರ್."

"ಹಂಗಾದ್ರೆ ಆಮೇಲೆ ಬನ್ನಿ."

ಐದನೇ ಗೇಟಿನ ಮುಂದೆ ಸಂಗಮೇಶ್‌ಗೆ ಉಪಾಯ ಹೊಳೆಯಿತು. ಬೈಕಿನ ಬ್ಯಾಗಿನಲ್ಲಿ ನೆಂಟರಿಗೆ ಹಂಚಲು ಇಟ್ಟುಕೊಂಡಿದ್ದ ಲಗ್ನಪತ್ರಿಕೆಗಳ ಕಟ್ಟಿತ್ತು. ಕಾರ್ಡು ತೋರಿಸಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆ ಬುದ್ಧಿವಂತಿಕೆಗೆ ನಾನೂ ತಲೆದೂಗಿದೆ ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಬಟವಾಡಿಯ ಜಯಪ್ರಕಾಶ್ ಎಂಬ ನಿವೃತ್ತ ಮೇಷ್ಟ್ರು ಕನ್ನಡಕ ಹಾಕಿಕೊಂಡು ಕಾರ್ಡನ್ನು ಮೇಲಿಂದ ಕೆಳಗೆ ಓದಿದರು. ಹೆಂಡತಿಯನ್ನು ಕರೆದರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಒಯ್ದು ದೇವರ ಮುಂದಿಟ್ಟರು.

"ಗುಬ್ಬೀಲಾ? ಭಾನುವಾರ ನಾವು ಫ್ರೀ ಇದೀವಿ, ಬರ್ತೀವಿ ಬಿಡಿ" ಎಂದರು ಮೇಷ್ಟ್ರು. "ಮನೆ ಮಾತ್ರ ನಮ್ಮ ಭಾವಮೈದಂಗೆ ಅಂತ ಇಟ್ಟಿದೀವಿ."

ದೇವರ ಮುಂದಿಟ್ಟ ಲಗ್ನಪತ್ರಿಕೆಯನ್ನು ವಾಪಸ್ ಕೊಡಿ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಕಾರ್ಡು ಕೈಗೆ ಹೋಯಿತೆಂದರೆ ಕರೆದ ಹಾಗೆಯೇ. ಬುಧವಾರ ಸಂಜೆಯ ಹೊತ್ತಿಗೆ ಹನ್ನೊಂದು ಮನೆ ನೋಡಿದ್ದೆವು, ಏಳು ಮನೆಯವರನ್ನು ಮದುವೆಗೆ ಕರೆದಿದ್ದೆವು, ಒಂದು ಮನೆಯೂ ಆಗಿರಲಿಲ್ಲ. ಆಗ ನಮ್ಮಪ್ಪ ರುದ್ರಯ್ಯನವರ ಫೋನು ಬಂತು.

"ಏನಮ್ಮ ಅನುಪಮಾ, ಯಾರಿದು ಜಯಪ್ರಕಾಶ್? ಮಂಟಪದತ್ರ ಕಾರು ನಿಲ್ಸೋಕೆ ಜಾಗ ಐತಾ ಅಂತ ಕೇಳ್ತಾವ್ರೆ! ಗಂಡಿನ ಕಡೆಯವ್ರಾ?"

"ಹ್ಞೂಂನಪ್ಪ, ಒಂಥರಾ" ಎಂದೆ. ಅಡುಗೆಯವರಿಗೆ ಐವತ್ತು ಎಲೆ ಹೆಚ್ಚಿಗೆ ಹೇಳಿ ಎಂದು ಸೇರಿಸಿದೆ. ಅಪ್ಪ ಏನಂದರೋ ಕೇಳಿಸಿಕೊಳ್ಳುವ ಮೊದಲೇ ಫೋನಿಟ್ಟೆ.

ಗುರುವಾರ ಸದಾಶಿವನಗರದಲ್ಲಿ ಹನ್ನೆರಡನೇ ಮನೆ. ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು. ಮಹಡಿಯ ಮೇಲೆ ಎರಡು ಕೋಣೆ, ಅಡುಗೆಮನೆಗೆ ದೊಡ್ಡ ಕಿಟಕಿ. ಲ್ಯಾಬಿಗೆ ನಡೆದರೆ ಆರೇ ನಿಮಿಷ. ಹೊಸಿಲು ದಾಟುತ್ತಲೇ ಇದು ನನ್ನ ಮನೆ ಅನ್ನಿಸಿಬಿಟ್ಟಿತು. ಮಾಲೀಕರು ಖಮರುನ್ನೀಸಾ ಎಂಬ ಅರವತ್ತು ದಾಟಿದ ಹೆಂಗಸು, ಕೆಳಗಿನ ಮನೆಯಲ್ಲೇ ಇದ್ದವರು. ಸಂಗಮೇಶ್ ಅಭ್ಯಾಸಬಲದಿಂದ ಕಾರ್ಡು ತೆಗೆದರು. ಆಕೆ ಅದನ್ನು ಮುಟ್ಟಲೂ ಇಲ್ಲ.

"ಕಾರ್ಡ್ ಎಲ್ಲಾರೂ ತೋರಿಸ್ತಾರೆ. ಹೋದ್ವರ್ಷ ಹಿಂಗೇ ಒಂದು ಜೋಡಿ ಬಂತು. ಮನೆ ಕೊಟ್ಟೆ. ಮದ್ವೆ ಮುರ್ದೋಯ್ತು, ಎರಡು ಕಡೆಯವ್ರೂ ನನ್ ಗೇಟ್ ಮುಂದೆ ನಿಂತ್ಕೊಂಡು ಜಗಳ ಆಡಿದ್ರು. ತಾಳಿ ಆಗ್ಲಿ, ಆಮೇಲೆ ಬನ್ನಿ. ಅಷ್ಟ್ರಲ್ಲಿ ಬೇರೆಯವ್ರು ಬಂದ್ರೆ ನಾನೇನೂ ಮಾಡಕ್ಕಾಗಲ್ಲ."

ನಾಲ್ಕು ದಿನದ ಬಿಸಿಲು, ನಾಲ್ಕು ದಿನದ ದೂಳು, ಎಲ್ಲವೂ ಒಟ್ಟಿಗೇ ನನ್ನ ನೆತ್ತಿಗೇರಿತು. ಕಾರ್ಡು ಕಿತ್ತುಕೊಂಡೆ.

"ನಿಮ್ ಹೆಸರೇನಮ್ಮ?" ಎಂದು ಕೇಳಿದೆ. ಆಕೆ ಹೇಳಿದರು. ಮೊಣಕಾಲ ಮೇಲಿಟ್ಟುಕೊಂಡು 'ಶ್ರೀಮತಿ ಖಮರುನ್ನೀಸಾ ಮತ್ತು ಕುಟುಂಬದವರಿಗೆ' ಎಂದು ದಪ್ಪಗೆ ಬರೆದು ಆಕೆಯ ಕೈಗೆ ತುರುಕಿದೆ. "ತಗೊಳಿ. ಬಂದು ಕಣ್ಣಾರೆ ನೋಡಿ, ತಾಳಿ ಕಟ್ತಾರೋ ಇಲ್ವೋ ಅಂತ!"

ಬೈಕು ಹತ್ತಿದ ಮೇಲೆ ಸಂಗಮೇಶ್ ಕೇಳಿದರು: "ಅನು, ಅವ್ರನ್ನ ಮದ್ವೆಗೆ ಕರ್ದ್ಯೋ, ಪಂಚಾಯ್ತಿಗೆ ಕರ್ದ್ಯೋ?"

ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಅಮ್ಮನ ವಯಸ್ಸಿನವರಿಗೆ ಲಗ್ನಪತ್ರಿಕೆ ಕೊಡುವ ರೀತಿಯೇ ಅದು? ಶುಕ್ರವಾರ ಬಳೆ ತೊಡಿಸುವಾಗಲೂ ಅದೇ ಯೋಚನೆ. ಶನಿವಾರ ಮಧ್ಯಾಹ್ನ ಸಂಗಮೇಶ್ ಇನ್ನೊಮ್ಮೆ ಕೇಳಿನೋಡೋಣವೆಂದು ಆ ಬೀದಿಗೆ ಹೋದರು. ಆಕೆಯ ಮನೆಗೆ ಬೀಗ ಹಾಕಿತ್ತು, ಗೇಟಿನಲ್ಲಿ ಬೋರ್ಡು ಇರಲಿಲ್ಲ. ಫೋನಿನಲ್ಲಿ ಅವರ ದನಿ ಇಳಿದಿತ್ತು: "ಬೇರೆಯವ್ರಿಗೆ ಆಯ್ತು ಅನ್ಸುತ್ತೆ ಕಣೆ." ಸಂಜೆ ಆರತಕ್ಷತೆಗೆ ನಗುನಗುತ್ತ ನಿಂತೆ. ಆ ಫೋಟೋಗಳಲ್ಲಿ ನನ್ನ ನಗು ನೋಡಿದರೆ ನನಗೇ ಪಾಪ ಅನ್ನಿಸುತ್ತದೆ.

ಭಾನುವಾರ ಮುಹೂರ್ತಕ್ಕೆ ಮಾಲೀಕರು ಒಬ್ಬೊಬ್ಬರಾಗಿ ಬಂದರು. ಜಯಪ್ರಕಾಶ್ ಮೇಷ್ಟ್ರು ಯಾರಿಗೆಂದು ಮನೆ ಇಟ್ಟಿದ್ದರೋ ಆ ಭಾವಮೈದನನ್ನೂ ಕರೆತಂದಿದ್ದರು. ಅಪ್ಪ ಗುರುತಿಲ್ಲದವರಿಗೆಲ್ಲ ಕೈಮುಗಿದು "ಊಟ ಮಾಡ್ಕೊಂಡೇ ಹೋಗ್ಬೇಕು" ಎನ್ನುತ್ತ ಬೆವರುತ್ತಿದ್ದರು. ತಾಳಿ ಕಟ್ಟಲು ಇನ್ನೇನು ವಾಲಗ ಜೋರಾಗಬೇಕು, ಖಮರುನ್ನೀಸಾ ಬಾಗಿಲಲ್ಲಿ ಕಾಣಿಸಿದರು. ನೇರವಾಗಿ ಬಂದು ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡಿದರು. ಆಕೆಯೂ ಅಕ್ಷತೆ ಹಾಕಿದರು. ಆಮೇಲೆ ವೇದಿಕೆ ಹತ್ತಿ ಬಂದರು.

"ನೋಡ್ದೆ ಕಣಮ್ಮ."

"ಅಮ್ಮಾ, ಅವತ್ತು ಸಿಟ್ಟಲ್ಲಿ ಕಾರ್ಡು ಕೊಟ್ಬಿಟ್ಟೆ. ತಪ್ಪಾಯ್ತು."

"ಸಿಟ್ಟಲ್ಲೇ ಕೊಟ್ಟೆ, ಗೊತ್ತು. ಆದ್ರೆ ಮೂವತ್ತು ವರ್ಷದಿಂದ ಬಾಡಿಗೆಗೆ ಕೊಡ್ತಿದೀನಿ. ನೀರು ಬರುತ್ತಾ, ಗಾಡಿ ನಿಲ್ಸಕ್ಕೆ ಆಗುತ್ತಾ ಅಂತ ಎಲ್ಲಾ ಕೇಳಿದಾರೆ. ನಿಮ್ ಹೆಸರೇನು ಅಂತ ಕೇಳಿ, ಬರ್ದು, ಮದ್ವೆಗೆ ಬಾ ಅಂದವ್ಳು ನೀನೊಬ್ಳೇ. ಅವತ್ತೇ ಬೋರ್ಡ್ ತೆಗ್ಸಿದೆ."

"ಹೇಳ್ಬಾರ್ದಿತ್ತಾ ಅಮ್ಮಾ!"

"ತಾಳಿ ಆದ್ಮೇಲೆ ಅಂದಿದ್ನಲ್ಲ. ನನ್ ಮಾತು ಅಂದ್ರೆ ಮಾತು." ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಆಕೆ ಊಟಕ್ಕೆ ಇಳಿದರು.

ತಾಳಿ ಕಟ್ಟುವಾಗ ಬಾರದ ಅಳು ಆಗ ಬಂತು ನೋಡಿ, ತಡೆಯಲಿಕ್ಕೇ ಆಗಲಿಲ್ಲ. ನೆಂಟರ ಹೆಂಗಸರಿಗೆ ಬಹಳ ಸಮಾಧಾನವಾಯಿತು. ಹುಡುಗಿಗೆ ತವರಿನ ಮೇಲೆ ಎಷ್ಟು ಪ್ರೀತಿ ಎಂದರು. ಕುಣಿಗಲ್ಲೇನು ದೂರವೇ ಎಂದು ಬೆನ್ನು ಸವರಿದರು. ಒಬ್ಬಾಕೆ ಮಾತ್ರ ಕೈಯಲ್ಲಿದ್ದ ಬೀಗದ ಕೈ ನೋಡಿ ಅತ್ತೆಯ ಕಿವಿಯಲ್ಲಿ, "ಸಾಬರ ಮನೇಲಿ ಹಾಲುಕ್ಕಿಸ್ತೀರಾ?" ಎಂದು ಕೇಳಿದರು.

"ಒಲೆ ಹಚ್ಚಿದ್ರೆ ಎಲ್ಲಾದ್ರೂ ಉಕ್ತದೆ ಬುಡಕ್ಕ" ಎಂದರು ಗಂಗಾಂಬಿಕೆಯವರು. ಆಮೇಲೆ ನನ್ನ ಹತ್ತಿರ ಬಂದು, ಸೆರಗಿನಿಂದ ಕಣ್ಣೊರೆಸಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: "ಬೇಗ ಅತ್ತು ಮುಗ್ಸವ್ವ. ಗುರುವಾರ ಆರೂವರೆಗೆ ನಿಂಗೆ ಡ್ಯೂಟಿ."