ಹದಿನಾರು ಬಣ್ಣದ ಮಂಜು

"ಯಾವನೋ ಅವನು, ನನ್ನ ಹೊಳೆಗೆ ಬೇಲಿ ಹಾಕಿದವನು?"

ದೊಡ್ಡಮ್ಮನ ಈ ಒಂದು ಕೂಗಿಗೆ ನಾಲ್ಕನೇ ಮಹಡಿಯ ಗಾಜುಗಳೆಲ್ಲ ನಡುಗಿದವು. ಭೂಕಂಪವೆಂದು ಐದನೇ ಮಹಡಿಯವರು ಮೆಟ್ಟಿಲಿಳಿದು ಓಡಿದರು. ಆ ಕಟ್ಟಡಕ್ಕೆ ಐದನೇ ಮಹಡಿಯೇ ಇಲ್ಲ ಎನ್ನುವವರು ಬರೀ ಹೊಟ್ಟೆಕಿಚ್ಚಿನವರು.

ಒಂದು ಕಾಲದಲ್ಲಿ ಲೋಕದ ನಿದ್ದೆಗೆಡಿಸಿದ ಸಾಹಸದ ಕಂಪ್ಯೂಟರ್ ಆಟವೊಂದಕ್ಕೆ ಚಿತ್ರ ಬರೆದವಳು ಈ ದೊಡ್ಡಮ್ಮ. ಈಗ ಅದೇ ಆಟಕ್ಕೆ ಹೊಸ ಬಟ್ಟೆ ತೊಡಿಸಿ ಮತ್ತೆ ಬಿಡುಗಡೆ ಮಾಡುತ್ತಿದ್ದವಳು ಅವಳ ತಂಗಿಯ ಮಗಳು. ಹಳೆಯದರಲ್ಲಿ ಹೆಜ್ಜೆ ತಪ್ಪಿದರೆ ಸಾವು. ಹೊಸದರಲ್ಲಿ ಸಾಯಬೇಕೆಂದರೂ ಬಿಡುವುದಿಲ್ಲ, ತಡವರಿಸಿದರೆ ಸುಳಿವು ಕೊಡುವ ಗುಂಡಿ ಬೇರೆ. ಹಳೆಯ ಆಟದಲ್ಲಿ ಮೂಕನಾಗಿದ್ದ ಅಂಬಿಗನಿಗೆ ಮಾತು ಬಂದಿತ್ತು. ಇದನ್ನೆಲ್ಲ ದೊಡ್ಡಮ್ಮ ಹೇಗೋ ನುಂಗಿಕೊಂಡಿದ್ದಳು. ಆದರೆ ಅಂಬಿಗ ಸಂಜೆಯ ಮಂಜಿನೊಳಗೆ ಮರೆಯಾಗುವ ಕಡೆಯ ದೃಶ್ಯದಲ್ಲಿ ಮಂಜೇ ಇರಲಿಲ್ಲ. ಹೊಳೆಗೆ ಅಡ್ಡಲಾಗಿ ಮಿರಮಿರ ಮಿಂಚುವ ತಂತಿಬೇಲಿ. ದೋಣಿ ಅದರೊಳಗಿಂದ ದೆವ್ವದಂತೆ ತೂರಿಹೋಗುತ್ತಿತ್ತು.

"ನೀವು ಬರೆದಿದ್ದೇ ಬೇಲಿ ಅಲ್ವಾ ಮೇಡಂ? ಒಂದು ತಂತಿನೂ ಬಿಟ್ಟಿಲ್ಲ ನಾನು," ಎಂದ ಹೊಸ ಚಿತ್ರಗಾರ. ಎಲ್ಲರ ಬಾಯಲ್ಲೂ ಅವನು ಗಡ್ಡಪ್ಪ. ಅವನೊಂದು ಕೀಲಿ ಒತ್ತಿದ. ಅದನ್ನು ಒತ್ತಿದರೆ ಹೊಸ ಚಿತ್ರ ಸರಿದು ಹಳೆಯದು ಬರುತ್ತದೆ. ಬಂತು. ಕನ್ನಡಿಯಂಥ ಹೊಸ ಪರದೆಯ ಮೇಲೆ ನೀಲಿ ಚುಕ್ಕೆ, ಕಿತ್ತಳೆ ಚುಕ್ಕೆ, ಮತ್ತೆ ನೀಲಿ, ಮತ್ತೆ ಕಿತ್ತಳೆ. ಬೇಲಿಯೇ.

ಹುಟ್ಟಿದಾಗಿನಿಂದ ಮುಚ್ಚದ ದೊಡ್ಡಮ್ಮನ ಬಾಯಿ ಆಗ ಮುಚ್ಚಿತು.

"ಇರ್ಲಿ ಬಿಡು ದೊಡ್ಡಮ್ಮಾ," ತಂಗಿಯ ಮಗಳು ಮೆತ್ತಗೆ ಹೇಳಿದಳು. "ಸಂಜೆಗೆ ಆಟ ಹೊರಗೆ ಹೋಗ್ಬೇಕು. ಯಾರು ಅಷ್ಟು ನೋಡ್ತಾರೆ?"

"ಮಂಜು ಬರೆದಿದ್ದೆ ಕಣೇ. ಜನ ಅತ್ತಿದ್ರು." ದನಿ ಇಳಿಯಿತು. "ಮಂಜೇ ಅಲ್ವೇನೇ ನಾನು ಬರೆದಿದ್ದು?"

ಉತ್ತರಕ್ಕೆ ಕಾಯದೆ ಚೀಲ ಹೆಗಲಿಗೇರಿಸಿ ಕೆಳಗಿಳಿದಳು. ಗೇಟಿನ ಕಾವಲುಗಾರನ ಗೂಡಿನಲ್ಲಿ ಗುಡಾಣದಂಥ ಹಳೆಯ ಟೀವಿಯೊಂದು ಗೇಟಿನ ಕ್ಯಾಮೆರಾ ತೋರಿಸುತ್ತಿತ್ತು. ಕೆಂಪು ಗೇಟೂ ಬಿಳಿ ಕಾರೂ ಒಂದಕ್ಕೊಂದು ಬಣ್ಣ ಇಳಿದು ಗುಲಾಬಿಯಾಗಿದ್ದವು. ದೊಡ್ಡಮ್ಮ ನಿಂತಳು.

"ಹಳೇ ಟೀವಿ ಅಮ್ಮಾ, ಬಣ್ಣ ಎಲ್ಲಾ ಕಲಸಿಬಿಡುತ್ತೆ," ಎಂದು ಕಾವಲುಗಾರ ಗೊಣಗಿದ.

ಆಮೇಲೆ ನಡೆದದ್ದನ್ನು ಪ್ರಪಂಚವೇ ಕಂಡಿದೆ. ಆನೆಮರಿಯ ತೂಕದ ಆ ಟೀವಿಯನ್ನು ದೊಡ್ಡಮ್ಮ ಒಂದೇ ಕೈಯಲ್ಲಿ ಮೇಲಕ್ಕೆ ಹೊತ್ತು ತಂದಳು. ಇನ್ನೊಂದು ಕೈಯ ಕೆಲಸವನ್ನು ಕಾವಲುಗಾರ, ಗಡ್ಡಪ್ಪ ಮತ್ತು ಲಿಫ್ಟು ಹಂಚಿಕೊಂಡರು.

"ಗೇಟು ಯಾರಮ್ಮಾ ನೋಡೋದು?"

"ದೇವ್ರು ಕಣ್ಣು ಕೊಟ್ಟಿದಾನಲ್ಲಯ್ಯಾ, ಅದರಲ್ಲಿ ನೋಡು."

ಹಳೆಯ ಆಟವನ್ನು ಅದಕ್ಕೆ ಹಚ್ಚಿದರು. ನೀಲಿ ಕಿತ್ತಳೆಗಿಳಿಯಿತು, ಕಿತ್ತಳೆ ನೀಲಿಗಿಳಿಯಿತು. ಹೊಳೆಯ ಮೇಲೆ ಬೂದುಬಣ್ಣದ ಮಂಜು ಎದ್ದಿತು. ಅದರ ಚಳಿಗೆ ಕೋಣೆಯವರೆಲ್ಲ ಸ್ವೆಟರು ಹುಡುಕಿದರು.

"ಕೊಟ್ಟಿದ್ದೇ ಹದಿನಾರು ಬಣ್ಣ. ಅದರಲ್ಲಿ ಮಂಜಿನ ಬಣ್ಣ ಇರ್ಲಿಲ್ಲ. ಟೀವಿ ಕೈಲೇ ಕಲಸಿಸ್ದೆ!" ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು. "ಭೂಮಿ ಮೇಲಿನ ಟೀವಿಗಳೆಲ್ಲಾ ನನ್ನ ಕುಂಚ ಆಗಿದ್ವು ಕಣೋ ಗಡ್ಡಪ್ಪಾ!"

ಗಡ್ಡಪ್ಪ ಬಹಳ ಹೊತ್ತು ನೋಡಿದ. "ಬೇಲಿ ಈಗ್ಲೇ ಕಿತ್ತಾಕ್ತೀನಿ ಮೇಡಂ. ಆದ್ರೆ ಸಂಜೆಯೊಳಗೆ ಇಂಥ ಮಂಜು ನನ್ ಕೈಲಾಗಲ್ಲ." ಎದ್ದು ಕುರ್ಚಿ ಬಿಟ್ಟುಕೊಟ್ಟ.

"ಈಗ ಎಷ್ಟು ಬಣ್ಣ ಇದೆಯೋ?"

"ಕೋಟಿಗಟ್ಟಲೆ."

"ಅಷ್ಟೊಂದು ಇಟ್ಕೊಂಡು ಬೇಲಿ ಬರೆದ್ಯಾ?"

ಕನ್ನಡಕ ಏರಿಸಿ ಕೂತಳು. ಪರದೆಯ ಮೇಲೆ ಬೆಳಕು ಬೀಳದಂತೆ ತಂಗಿಯ ಮಗಳು ಕಿಟಕಿಯ ಪರದೆ ಎಳೆದು, ಕುರ್ಚಿಯ ಬೆನ್ನು ಹಿಡಿದು ನಿಂತಳು. ದೊಡ್ಡಮ್ಮನ ಕೈ ಓಡಿತು. ಆಚೆ ದಡದ ಮರಗಳು ಮೊದಲು ಮಸುಕಾದವು. ಆಮೇಲೆ ದೋಣಿಯ ಮೂತಿ, ಆಮೇಲೆ ಹುಟ್ಟು. ಅಂಬಿಗನ ಬೆನ್ನು ಇನ್ನೂ ಸ್ವಲ್ಪ ಕಾಣುತ್ತಿತ್ತು.