ಉಬ್ಬೆಗೆ ಹಾಕಿದ ಚಡ್ಡಿಗಳು

ಭಾಗೋಳ ಕಣ್ಣು ಹೋದದ್ದು ಸಿಪಾಯಿಗಳ ಚಡ್ಡಿಯಿಂದ. ಹೀಗೆಂದರೆ ಜನ ಮೊದಲು ನಗುತ್ತಾರೆ. ನಗಲಿ. ನಗುವವರ ಮನೆಯಲ್ಲಿ ಯಾರೂ ಬಟ್ಟೆ ಒಗೆದು ಬದುಕಿದವರಿಲ್ಲ.

ಆಗ ಜಪಾನಿನವರ ಜೊತೆ ಯುದ್ಧ ನಡೆದಿತ್ತು. ರಾವಲ್ಪಿಂಡಿಯಿಂದಾಚೆ, ನಾಲೆಯ ಪಕ್ಕ, ಗೋರಾ ಸಾಹೇಬರು ಒಂದು ತಗಡಿನ ಕೋಣೆ ಕಟ್ಟಿಸಿದ್ದರು. ಮುಖಕ್ಕೆ ರಬ್ಬರಿನ ಮುಸುಕು, ಸೊಂಟಕ್ಕೆ ಖಾಕಿ ಚಡ್ಡಿ, ಇಷ್ಟೇ ಹಾಕಿಸಿ ನಮ್ಮ ಸಿಪಾಯಿಗಳನ್ನು ಅದರೊಳಗೆ ಕೂಡಿ ವಿಷದ ಹೊಗೆ ಬಿಡುತ್ತಿದ್ದರು. ನಮ್ಮವರ ಚರ್ಮ ಎಷ್ಟು ಸುಡುತ್ತದೆ ಎಂದು ನೋಡಬೇಕಿತ್ತಂತೆ. ಸಿಪಾಯಿಗಳಿಗೆ ಹೇಳಿದ್ದು ಮಾತ್ರ ಮುಸುಕಿನ ಪರೀಕ್ಷೆ ಎಂದು. ನಾನು ತೊಗಲಿನ ಚೀಲದಲ್ಲಿ ನೀರು ಹೊರುವವನು. ಆ ಕೋಣೆಗೂ ನನ್ನದೇ ನೀರು, ನವಾಬದೀನನ ಉಬ್ಬೆಗೂ ನನ್ನದೇ ನೀರು.

ನವಾಬದೀನ ಹೆಸರಿಗೆ ನವಾಬ, ಕೆಲಸಕ್ಕೆ ದಂಡಿನ ಅಗಸ. ಒಗೆಯುವುದು ಅವನು, ಉಬ್ಬೆ ಅವನ ಹೆಂಡತಿ ಭಾಗೋಳದು. ಕುದಿಯುವ ಹಂಡೆಯ ಮೇಲೆ ಸೌಳುಮಣ್ಣಿನ ನೀರಿನಲ್ಲಿ ನೆನೆಸಿದ ಬಟ್ಟೆ ಪೇರಿಸಿ, ಗೋಣಿತಾಟು ಬಿಗಿದು, ಒಂದಿಷ್ಟೂ ಹಬೆ ಹೊರಗೆ ಹೋಗದಂತೆ ಅವಳು ಬೇಯಿಸುತ್ತಿದ್ದಳು. ಎಂಥ ಎಣ್ಣೆಯ ಕಲೆಯೂ ಅದರಲ್ಲಿ ಉಳಿಯುತ್ತಿರಲಿಲ್ಲ.

ಒಂದು ದಿನ ಹವಾಲ್ದಾರ ಒಂದು ಗಂಟು ಚಡ್ಡಿಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದು ಎಸೆದ. ನಮಗೇನೂ ಅನಿಸಲಿಲ್ಲ. ಕೊಳೆ ಬಟ್ಟೆಯನ್ನೂ, ಅದನ್ನು ಒಗೆಯುವವರನ್ನೂ ಮುಟ್ಟಲು ಹೇಸುವವರನ್ನು ನಾವು ದಿನವೂ ಕಾಣುತ್ತಿದ್ದೆವು.

ಭಾಗೋ ಒಂದು ಚಡ್ಡಿ ಎತ್ತಿ ಮೂಸಿದಳು.

"ಇದೇನ್ರಿ ಹವಾಲ್ದಾರ್ರ, ಬೆಳ್ಳೊಳ್ಳಿ ನಾತ ಹೊಡೀತೈತಿ! ಚಡ್ಡಿಗೆ ಒಗ್ಗರಣಿ ಕೊಟ್ಟೀರೇನು?"

"ಬಾಯಿ ಮುಚ್ಚಿ ಒಗೀ. ಸರ್ಕಾರದ ಬಟ್ಟಿ, ಕಲಿ ಉಳೀಬಾರ್ದು."

ಜಿಡ್ಡಿನ ಕಲೆ ತಣ್ಣೀರಿಗೆ ಬಗ್ಗಲಿಲ್ಲ. ಭಾಗೋ ಎಲ್ಲವನ್ನೂ ಉಬ್ಬೆಗೆ ಹಾಕಿದಳು. ಮರುದಿನ ಬೆಳಿಗ್ಗೆ ಗೋಣಿತಾಟು ಬಿಚ್ಚಿದಾಗ ಹಬೆಯೆಲ್ಲ ಅವಳ ಮುಖಕ್ಕೇ ನುಗ್ಗಿತು. ಅವಳು ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡು ಕೆಲಸ ಮುಂದುವರಿಸಿದಳು.

ಸಂಜೆಗೆ ರೆಪ್ಪೆ ಊದಿ ಕಣ್ಣು ಮುಚ್ಚಿಹೋದವು. ಕೈಯ ಮೇಲೆಲ್ಲ ನೀರು ತುಂಬಿದ ಗುಳ್ಳೆ. ನವಾಬದೀನನ ಅಂಗೈಯಲ್ಲೂ ಅವೇ ಗುಳ್ಳೆ.

"ಬೆಂಕಿ ಬಿದ್ದೈತೋ ಕರಮಾ, ನೀರ ಹಾಕೋ!" ಎಂದು ಭಾಗೋ ಕೂಗಿಕೊಂಡಳು. ನನ್ನ ಚೀಲ ಪೂರ್ತಿ ಅವಳ ಮೇಲೆ ಖಾಲಿ ಮಾಡಿದೆ. ಉರಿ ಆರಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ, ಇದು ಸಿಪಾಯಿಗಳಿಗೆ, ಅಗಸರಿಗಲ್ಲ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದರು.

ಅತ್ತ ಸಿಪಾಯಿಗಳ ತೊಡೆಸಂದಿಯಲ್ಲೂ ಗುಳ್ಳೆ ಎದ್ದಿದ್ದವು. ಯಾಕೆ ಹೀಗಾಯಿತೆಂದು ಅವರು ಕೇಳತೊಡಗಿದರು. ಮೇಜರ್ ಸಾಹೇಬನಿಗೆ ಒಂದು ಉತ್ತರ ಬೇಕಾಗಿತ್ತು. ಜಮಾದಾರನನ್ನು ಕರೆದುಕೊಂಡು ನವಾಬದೀನನ ಗುಡಿಸಲಿಗೇ ಬಂದ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಮಾದಾರ ನಮ್ಮ ಮಾತಿನಲ್ಲಿ ಹೇಳಿದ.

"ಈ ಗುಳ್ಳಿ ನಿನ್ನಿಂದಾನ ಬಂದಾವಂತ. ಬಟ್ಟಿಗೆ ಗುರುತು ಹಾಕ್ತೀಯಲ್ಲ ಕೇರುಬೀಜದ ರಸ, ಅದು ಮೈ ಸುಟ್ಟೈತಿ."

"ನಮ್ಮಪ್ಪನ ಕಾಲದಿಂದ ಹಾಕ್ತೀವ್ರಿ. ಅದು ತುರಸ್ತೈತಿ, ಖರೆ. ಕಣ್ಣು ತಿನ್ನಂಗಿಲ್ಲ."

"ಸಿಪಾಯಿಗಳ ಮುಂದ ನಿಂತು ತಪ್ಪು ನಂದ ಅಂತ ಒಪ್ಕೋ. ಗಾಡಿ ಕಳಿಸಿ ನಿನ್ನ ಹೆಂಡ್ತೀನ ಆಸ್ಪತ್ರಿಗೆ ಒಯ್ತೀವಿ. ಇಲ್ಲಾಂದ್ರ ಹಂಡೆ ಎತ್ಕೊಂಡು ದಂಡು ಬಿಟ್ಟು ನಡಿ."

ಅವರು ಹೋದ ಮೇಲೆ ಭಾಗೋ ಹೊರಸಿನ ಮೇಲಿಂದ ಕೇಳಿದಳು, "ಏನಂದ ಅಂವ?"

"ಸುಳ್ಳು ಹೇಳಿದ್ರ ನಿನ್ನ ಕಣ್ಣು ಕೊಡ್ತಾನಂತ."

"ಕೊಡಾಕ ಅವನ ಕಡೆ ಅದಾವೇನು?" ಎಂದು ನಕ್ಕಳು. ಆ ನಗು ನರಳಿಕೆಯಾಯಿತು. "ಹೋಗಿ ಹೇಳಿ ಬಾ. ತಡ್ಕೊಳಾಕ ಆಗವಲ್ದು ನನಗ."

ನವಾಬದೀನ ಸುಳ್ಳು ಹೇಳಲೆಂದೇ ಹೋದ. ನಾನೂ ಜೊತೆಗೆ ಹೋದೆ. ಮೈದಾನದಲ್ಲಿ ಮೇಜರ್, ಜಮಾದಾರರ ಮುಂದೆ ಸಿಪಾಯಿಗಳು ಸಾಲಾಗಿ ನಿಂತಿದ್ದರು. ಗುಲ್ಶೇರ್ ಎಂಬ ಸಿಪಾಯಿ ಕಾಲು ಅಗಲಿಸಿ, ಹಲ್ಲು ಕಚ್ಚಿ ನಿಂತಿದ್ದ.

"ತಪ್ಪು ನಂದರೀ," ಎಂದ ನವಾಬದೀನ, ನೆಲ ನೋಡುತ್ತಾ. "ನನ್ನ ಕೇರುಬೀಜದಿಂದ..."

"ನಿನ್ನ ಕೈ ಸೇದಿಹೋಗ್ಲಿ, ಅಗಸಾ!" ಗುಲ್ಶೇರ್ ಅವನ ಮುಖಕ್ಕೆ ಉಗಿದ. "ನನಗ ಮಕ್ಕಳಾಗೂದು ಬ್ಯಾಡೇನು?"

ಮೇಜರ್ ತಲೆಯಾಡಿಸಿದ. ಕೆಲಸ ಮುಗಿಯಿತು. ಅಷ್ಟರಲ್ಲೇ ಹವಾಲ್ದಾರ ಮತ್ತೊಂದು ಗಂಟನ್ನು ಕೋಲಿನಿಂದಲೇ ನವಾಬದೀನನ ಕಾಲಿಗೆ ತಳ್ಳಿ, "ಇದನ್ನೂ ಒಗೀ," ಎಂದ. ಅದೇ ಬೆಳ್ಳುಳ್ಳಿ ವಾಸನೆ.

ನವಾಬದೀನ ಆ ಕೋಲನ್ನು ನೋಡಿದ. ಮುಖದ ಮೇಲಿನ ಉಗುಳು ಒರೆಸಿಕೊಂಡ. ಆಮೇಲೆ ಗುಳ್ಳೆಯೆದ್ದ ಕೈಯನ್ನೇ ಗಂಟಿಗೆ ಹಾಕಿ ಒಂದು ಚಡ್ಡಿ ಎಳೆದ.

"ಇದು ಹೊಸಾದು. ನನ್ನ ಉಬ್ಬಿ ಕಂಡಿಲ್ಲ, ನನ್ನ ಗುರುತಿಲ್ಲ," ಎಂದು ಅದನ್ನು ಮೇಜರನ ಎದೆಗೆ ಚಾಚಿದ. "ಹಿಡೀರಿ ಸಾಹೇಬ್ರ. ಕೋಲು ಬ್ಯಾಡ, ಕೈಲೇ ಹಿಡೀರಿ."

ಮೇಜರ್ ಹಿಂದಕ್ಕೆ ಹಾರಿದ. ಜಮಾದಾರನಿಗೆ ಢಿಕ್ಕಿ ಹೊಡೆದ, ಟೋಪಿ ಕೆಳಗೆ ಬಿತ್ತು, ಬಾಗಿ ಎತ್ತಿಕೊಳ್ಳಲೂ ಇಲ್ಲ. ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಿದ್ದ.

"ಜಮಾದಾರ್ರ," ಎಂದ ಗುಲ್ಶೇರ್, "ಸಾಹೇಬ್ರು ಯಾಕ ಹಿಂದ ಸರದ್ರು? ಇಂಗ್ಲಿಷಿನಾಗ ಕೇಳ್ರಿ."

ಜಮಾದಾರ ಬಾಗಿ ಸಾಹೇಬನ ಟೋಪಿ ಎತ್ತಿ ಧೂಳು ಕೊಡವತೊಡಗಿದ.

"ಹಂಗಾರ ನಾ ಆ ಕೋಣಿಗೆ ಹೋಗಂಗಿಲ್ಲ." ಗುಲ್ಶೇರ್ ನೆಲದ ಮೇಲೆ ಕೂತುಬಿಟ್ಟ. ಪಕ್ಕದವನು ಕೂತ. ನೋಡುತ್ತಿದ್ದಂತೆ ಸಾಲಿಗೆ ಸಾಲೇ ಕೂತಿತು.

ಗುಲ್ಶೇರನನ್ನು ಕೈಕೋಳ ಹಾಕಿ ಒಯ್ದರು. ಎಲ್ಲಿಗೆಂದು ಇಂದಿಗೂ ಯಾರೂ ಹೇಳಿಲ್ಲ. ನವಾಬದೀನನನ್ನು ರಕ್ತ ಬರುವಂತೆ ಹೊಡೆದು, ಹಂಡೆ ಒದ್ದು, ದಂಡಿನಿಂದ ಹೊರಹಾಕಿದರು. ಗಾಡಿ ಬರಲೇ ಇಲ್ಲ. ಬಟ್ಟೆ ಹೊರುವ ಕತ್ತೆಯ ಮೇಲೆಯೇ ಭಾಗೋಳನ್ನು ಕೂರಿಸಿಕೊಂಡು ಅವನು ಹೋದ. ಆ ಗಂಟು ಮೈದಾನದಲ್ಲಿ ಬಿದ್ದೇ ಇತ್ತು. ಹವಾಲ್ದಾರ ಗದರಿಸಿದ, ಆಮೇಲೆ ಬೇಡಿಕೊಂಡ. ಒಬ್ಬ ಅಗಸನೂ ಮುಟ್ಟಲಿಲ್ಲ. ನಾನೂ ನನ್ನ ಚೀಲದ ನೀರನ್ನು ದಾರಿಯಲ್ಲೇ ಚೆಲ್ಲಿದೆ. ಆ ಕೋಣೆಗೆ ಮತ್ತೆ ಹೊರಲಿಲ್ಲ. ಮೇಜರ್ ಯುದ್ಧ ಮುಗಿಸಿ ಪದಕ ಹಾಕಿಕೊಂಡು ತನ್ನ ದೇಶಕ್ಕೆ ಹೋದ. ಅವನ ಹೆಸರು ಎತ್ತಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಭಾಗೋ ಈಗ ಗೋಡೆ ಹಿಡಿದು ನಡೆಯುತ್ತಾಳೆ. ನಾನು ಹೋದಾಗಲೆಲ್ಲ ಅದೇ ಮಾತು ತೆಗೆಯುತ್ತಾಳೆ.

"ಕರಮಾ, ಸಾಹೇಬ ಹಿಂದ ಹಾರಿದ್ದು ಖರೆ ಏನೋ?"

"ಖರೆ, ಭಾಬಿ."

"ಎಲ್ಲಾರೂ ನೋಡಿದ್ರಾ?"

"ಎಲ್ಲಾರೂ ನೋಡಿದ್ರು."