ಕತೆ ಕೇಳುವ ವೇಗ

ಸೀಟಿ ಬಾಯಲ್ಲಿತ್ತು, ಉಸಿರು ಮಾತ್ರ ಇರಲಿಲ್ಲ. ಗೋಲಿನ ಮುಂದೆ ಒಬ್ಬ ಇನ್ನೊಬ್ಬನ ಚಡ್ಡಿ ಹಿಡಿದೆಳೆದು ಕೆಡವಿದ್ದನ್ನು ಮೈದಾನದಲ್ಲಿದ್ದವರೆಲ್ಲ ನೋಡಿದರು. ನಾನೂ ನೋಡಿದೆ, ಅರ್ಧ ಮೈದಾನದಷ್ಟು ಹಿಂದಿನಿಂದ, ಬೀರು ಹೊತ್ತು ಮಹಡಿ ಹತ್ತಿದವನಂತೆ ಏದುಸಿರು ಬಿಡುತ್ತ. ರೆಫರಿಯಾದವನು ಆಗ ಊದಬೇಕು. ಊದಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಒಂದು ಪುಸ್ ಬಂತು, ಅಷ್ಟೇ. ಯಾರೂ ಆಟ ನಿಲ್ಲಿಸಲಿಲ್ಲ. ಚೆಂಡು ಆ ತುದಿಯಿಂದ ಹೊರಟು, ನನ್ನನ್ನೂ ದಾಟಿ, ಈ ತುದಿಯಲ್ಲಿ ಗೋಲಾಯಿತು. ಅದೂ ಚಡ್ಡಿ ಎಳೆದವನ ತಂಡಕ್ಕೆ.

"ರೆಫರೀ, ಕನ್ನಡಕ ಹಾಕ್ಕೊಳ್ಳೋ" ಎಂದು ಜನ ಕೂಗಿದರು. ಪ್ರತಿ ಭಾನುವಾರವೂ ಕೂಗುತ್ತಾರೆ. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲೇ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇನ್ನೇನು ಕೂಗುತ್ತಿದ್ದರೋ.

ನಮ್ಮ ಲೀಗಿನ ಕಾರ್ಯದರ್ಶಿ ವಾರದ ಉಳಿದ ದಿನಗಳಲ್ಲಿ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದು ಸುಮ್ಮನಿರಬೇಕು, ತಾವು ಮಾತಾಡಬೇಕು, ಅದು ಅವರಿಗೆ ರೂಢಿ. ಪಂದ್ಯ ಮುಗಿದ ಮೇಲೆ ನಾನೂ ಹಾಗೆಯೇ ನಿಂತಿದ್ದೆ.

"ನಿನ್ನ ತೀರ್ಮಾನ ಸರಿಯಾಗೇ ಇರ್ತವೆ ಕಣಯ್ಯ," ಎಂದರು. "ಆದ್ರೆ ಅವು ನಿನಗಿಂತ ಮುಂಚೆ ಅಲ್ಲಿಗೆ ಹೋಗಿ ನಿನಗೋಸ್ಕರ ಕಾಯ್ತಾ ಕೂತಿರ್ತವೆ. ಹೊಸ ಸೀಸನ್‌ಗೆ ಮುಂಚೆ ಎಲ್ಲರಿಗೂ ಓಟದ ಪರೀಕ್ಷೆ ಇಡ್ತೀನಿ. ಪಾಸಾದ್ರೆ ಸೀಟಿ. ಇಲ್ಲಾಂದ್ರೆ ಮೇಜು."

ಮೇಜೆಂದರೆ ಮೈದಾನದ ಅಂಚಿನಲ್ಲಿ ಹಾಕಿದ, ಒಂದು ಕಾಲು ಗಿಡ್ಡವಾದ ಮೇಜು. ಅದರ ಹಿಂದೆ ಕೂತವನು ಬದಲಿ ಆಟಗಾರರ ಸಂಖ್ಯೆಯ ಹಲಗೆ ಎತ್ತಿ ತೋರಿಸಬೇಕು, ಇಳಿಸಬೇಕು, ಚೆಂಡು ಹೊರಗೆ ಬಂದರೆ ಒದೆಯಬೇಕು. ವಾರವಿಡೀ ನಾನು ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಸ್ಪಷ್ಟವೋ, ಅದು ಸ್ಪಷ್ಟವೋ?" ಎಂದು ಕೇಳುವವನು. ಅವರು ಹೇಳಿದ್ದೇ ಸರಿ. ಭಾನುವಾರ ಮಾತ್ರ ಯಾವುದು ಸ್ಪಷ್ಟ ಎಂದು ಹೇಳುವವನು ನಾನು. ಆ ಸುಖವನ್ನು ಕುಂಟು ಮೇಜಿಗೆ ಬಿಟ್ಟುಕೊಡುವುದು ಹೇಗೆ?

ಮರುದಿನದಿಂದಲೇ ಓಡಲು ಹತ್ತಿದೆ. ನನಗೆ ತಿಳಿದಿದ್ದ ವಿಧಾನ ಒಂದೇ: ಮನೆಯ ಬಾಗಿಲಿನಿಂದ ಪ್ರಾಣ ಹೋಗುವಂತೆ ಹೊರಡುವುದು, ಪ್ರಾಣ ಹೋಗುವ ಹಂತಕ್ಕೆ ಬಂದಾಗ ಯಾವುದಾದರೂ ಗೋಡೆ ಹಿಡಿದು ನಿಲ್ಲುವುದು. ದಿನವೂ ಆ ಗೋಡೆ ಇನ್ನೊಂದಿಷ್ಟು ದೂರವಾಗುತ್ತ ಹೋಗುತ್ತದೆ ಎಂದು ನಂಬಿದ್ದೆ. ಹತ್ತಿರವಾಗತೊಡಗಿತು. ಮೊದಲು ಅಂಚೆ ಕಚೇರಿಯ ಗೋಡೆ, ಆಮೇಲೆ ದರ್ಜಿಯ ಗೋಡೆ, ಕೊನೆಗೆ ನಮ್ಮದೇ ಪಕ್ಕದ ಮನೆಯ ಗೋಡೆ. ಅಂಗಡಿಯಲ್ಲಿ ಮೆಟ್ಟಿಲೇಣಿ ಹತ್ತಿದರೆ ಮೊಣಕಾಲಿನ ಕೆಳಗಿನ ಮೂಳೆ ಚುರ್ ಎನ್ನುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಗೋಡೆ ಹಿಡಿದು ನಿಂತಿದ್ದಾಗ ಅತ್ತಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮನೆಯಿಂದ ಇಳಿದು ಬಂದರು. ಅತ್ತಿಗೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾರೆ. ದಿನವಿಡೀ ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ, ಅವರ ಸೊಂಟ ಹಿಡಿದುಕೊಂಡಿತ್ತು.

"ನಾನೂ ಬರ್ತೀನಿ," ಎಂದರು. "ಕೂತೂ ಕೂತೂ ಸೀಟಿನ ಆಕಾರಕ್ಕೆ ಬಂದಿದೀನಿ."

"ನನ್ನ ಜೊತೆ ಓಡೋದು ನಿಮಗೆ ಕಷ್ಟ ಆಗತ್ತೆ ಅತ್ತಿಗೆ."

"ನಿನ್ನ ಜೊತೆ ಗೋಡೆ ಹಿಡ್ಕೊಳ್ಳೋದು ತಾನೆ? ಅಷ್ಟು ಬರತ್ತೆ ನನಗೆ."

ಹೊರಟೆವು. ಅತ್ತಿಗೆ ಓಡಿದರೆನ್ನುವುದಕ್ಕಿಂತ ನಡಿಗೆಯೇ ಸ್ವಲ್ಪ ಕುಣಿಯಿತು ಎನ್ನಬೇಕು. ಜೊತೆಗೆ ಬಾಯಿಯೂ ಶುರುವಾಯಿತು. ನನ್ನಣ್ಣ ವಾರಕ್ಕೊಂದು ವಾಕ್ಯ ಆಡುವವನು. ಅತ್ತಿಗೆಯ ಮಾತೆಲ್ಲ ಮದುವೆಯಾದಾಗಿನಿಂದ ಒಳಗೇ ಶೇಖರವಾಗಿತ್ತು. ಅವರ ಬಳಿ ಗಡಿಯಾರದಂಗಡಿಯವರೊಬ್ಬರು ಕಾರು ಕಲಿಯಲು ಬರುತ್ತಾರಂತೆ. ಹೆಂಡತಿ ತೀರಿಕೊಂಡು ಎಷ್ಟೋ ಕಾಲವಾದ ಮನುಷ್ಯ. ನದಿಯಾಚೆ ಔಷಧದಂಗಡಿ ಇಟ್ಟಿರುವ ಒಬ್ಬ ಹೆಂಗಸನ್ನು ಕಾರಿನಲ್ಲಿ ಹೋಗಿ ನೋಡಬೇಕೆಂಬುದು ಅವರ ಆಸೆ. ತೊಂದರೆ ಏನೆಂದರೆ, ಅವರಿಗೆ ಹಿಂದಕ್ಕೆ ಓಡಿಸುವುದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು, ಮುಂದಕ್ಕೆ ಮಾತ್ರ ಬರುವುದಿಲ್ಲ.

"ಮೊನ್ನೆ ಏನಾಯ್ತು ಗೊತ್ತಾ," ಎಂದು ಹೇಳಿ ಅತ್ತಿಗೆ ನಿಲ್ಲಿಸಿದರು.

"ಹೂಂ," ಎಂದೆ ನಾನು.

"ಹೂಂ ಅಂದ್ರೆ ಸಾಲದು. ಪೂರ್ತಿ ಕೇಳು. 'ಮೊನ್ನೆ ಏನಾಯ್ತು ಅತ್ತಿಗೆ, ಆ ಗಡಿಯಾರದವರು ಏನು ಮಾಡಿದ್ರು?' ಅಂತ ಒಂದೇ ಉಸಿರಲ್ಲಿ ಕೇಳಿದ್ರೆ ಹೇಳ್ತೀನಿ."

ನನ್ನ ಹತ್ತಿರ ಅಷ್ಟು ಉಸಿರಿರಲಿಲ್ಲ. "ಮೊನ್ನೆ" ಎಂದೆ, ಗಾಳಿ ಎಳೆದೆ, "ಏನಾ" ಎಂದೆ, ಕೆಮ್ಮಿದೆ.

"ನಿಧಾನ ಮಾಡು. ಇನ್ನೂ ನಿಧಾನ. ಕಲಿಯೋಕೆ ಬಂದ ಮೊದಲನೇ ದಿನ ಯಾರಾದ್ರೂ ನಾಲ್ಕನೇ ಗೇರ್ ಹಾಕ್ತಾರಾ?"

ಎಷ್ಟು ನಿಧಾನವೆಂದರೆ, ಪೇಪರ್ ಓದುತ್ತ ನಡೆಯುತ್ತಿದ್ದ ಒಬ್ಬರು ನಮ್ಮನ್ನು ಹಿಂದೆ ಹಾಕಿದರು. ಅವಮಾನದಿಂದ ಕಿವಿ ಬಿಸಿಯಾಯಿತು. ಆದರೆ ಆ ವೇಗದಲ್ಲಿ ವಾಕ್ಯ ಪೂರ್ತಿ ಬಂತು. ಬಂದ ಕೂಡಲೇ ಕತೆಯೂ ಮುಂದೆ ಹೋಯಿತು: ಮೊನ್ನೆ ಆ ಗಡಿಯಾರದವರು ಸಂತೆಬೀದಿಯನ್ನಿಡೀ ಹಿಂದಕ್ಕೆ ದಾಟಿ, ಎದುರಾದ ಪ್ರತಿಯೊಬ್ಬರಿಗೂ ಕನ್ನಡಿಯಲ್ಲೇ ನಮಸ್ಕಾರ ಮಾಡುತ್ತ ಹೋದರಂತೆ. ಅದನ್ನು ಕೇಳಿ ಮುಗಿಯುವಷ್ಟರಲ್ಲಿ ನಾವು ಅಂಚೆ ಕಚೇರಿ, ಸೇತುವೆ, ನೀರಿನ ಟ್ಯಾಂಕು ಎಲ್ಲ ದಾಟಿದ್ದೆವು. ಯಾವ ಗೋಡೆಯನ್ನೂ ಹಿಡಿಯಲಿಲ್ಲ.

ಹೀಗೆ ನಡೆಯಿತು. ಬೆಳಿಗ್ಗೆಯಾದರೆ ಕತೆ, ಕತೆಯಿದ್ದರೆ ಓಟ. ನನ್ನಿಂದ ಅರ್ಧ ಪ್ರಶ್ನೆ ಬಂದರೆ ಅತ್ತಿಗೆಯ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಗಡಿಯಾರದವರು ಇದ್ದಲ್ಲೇ ನಿಂತುಬಿಡುತ್ತಿದ್ದರು. ಒಮ್ಮೆಯಂತೂ ಆ ಬಡಪಾಯಿ ಇಡೀ ದಿನ ರೈಲ್ವೆ ಗೇಟಿನ ಹತ್ತಿರ ಇಂಡಿಕೇಟರ್ ಹಾಕಿಕೊಂಡೇ ಕಾದರು.

"ಇದೆಲ್ಲ ನಿಜವಾ ಅತ್ತಿಗೆ?" ಎಂದು ಒಂದು ದಿನ ಕೇಳಿದೆ.

"ಅನುಮಾನ ಪಡೋ ಅಷ್ಟು ಉಸಿರಿದೆ ಅಂದ್ರೆ ವೇಗ ಸರಿಯಾಗಿದೆ. ನಡಿ."

ಆದರೂ ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಪರೀಕ್ಷೆಯಲ್ಲಿ ಕತೆ ಕೇಳಿಸುವುದಿಲ್ಲ, ಓಡಿಸುತ್ತಾರೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯ ಹಿಂದಿನ ಓಣಿಯಲ್ಲಿ ಕದ್ದು ಓಡಿದೆ, ಹಳೆಯ ಹಾಗೆ, ಪ್ರಾಣ ಪಣಕ್ಕಿಟ್ಟು. ಮರುದಿನ ನಾನು ಮೆಟ್ಟಿಲಿಳಿದು ಬರುವ ರೀತಿ ನೋಡಿಯೇ ಅತ್ತಿಗೆ ಬೂಟು ಬಿಚ್ಚಿದರು.

"ಕದ್ದು ಓಡಿದ್ಯಾ?"

"ಸ್ವಲ್ಪ."

"ಕ್ಲಚ್ ಸುಟ್ಕೊಂಡು ಬಂದವರ ಮುಖ ನನಗೆ ಗೊತ್ತಾಗಲ್ವಾ? ಕಾಲು ಸರಿಯಾಗೋವರೆಗೂ ಕತೆ ಇಲ್ಲ."

ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ಕಂಡಿಲ್ಲ. ಗಡಿಯಾರದವರು ಆಗಷ್ಟೇ ಔಷಧದಂಗಡಿಯ ಬೀದಿಯ ತಿರುವಿಗೆ ಬಂದಿದ್ದರು, ಬೆನ್ನು ಮುಂದೆ ಮಾಡಿಕೊಂಡು. ಊಟಕ್ಕೆ ಕೂತಾಗ ಕಣ್ಣಲ್ಲೇ ಬೇಡಿದೆ. ಅತ್ತಿಗೆ ಸಾರು ಬಡಿಸಿದರು, ಅಷ್ಟೇ. ಅಣ್ಣ ತನ್ನ ಆ ವಾರದ ವಾಕ್ಯವನ್ನು ಖರ್ಚು ಮಾಡಿದ: "ಹೇಳ್ಬಾರ್ದಾ ಪಾಪ?" ಆಗ ತಿಳಿಯಿತು, ಅವನಿಗೂ ಗಡಿಯಾರದವರ ಚಿಂತೆ ಹತ್ತಿದೆ, ನಾವು ಮನೆಗೆ ಬಂದ ಮೇಲೆ ಅತ್ತಿಗೆ ಅವನಿಗೂ ಹೇಳುತ್ತಿದ್ದಾರೆ ಎಂದು.

ಕಾಲು ಸರಿಯಾಯಿತು. ಮೆಲ್ಲಗೆ ಓಡುತ್ತಲೇ ಇದ್ದೆವು, ಆದರೆ ಆ ಮೆಲ್ಲಗೆ ಎಂಬುದು ನಮಗೆ ಹೇಳದೆ ಕೇಳದೆ ಬದಲಾಗಿತ್ತು. ಪೇಪರ್ ಓದುವವರನ್ನು ಒಂದು ದಿನ ನಾವೇ ಹಿಂದೆ ಹಾಕಿದೆವು. ಅವರು ಪೇಪರ್ ಮಡಚಿ ನೋಡಿದರು. ಅಂಗಡಿಯ ಏಣಿಯನ್ನು ಹಾಡುತ್ತ ಹತ್ತತೊಡಗಿದೆ.

ಆಮೇಲೊಂದು ಬುಧವಾರ ಅತ್ತಿಗೆ, "ಇವತ್ತು ಹೆದ್ದಾರಿ," ಎಂದರು. ಅರ್ಥವಾಗಲಿಲ್ಲ. ಕತೆ ಹದಕ್ಕೆ ಬಂತು. ಗಡಿಯಾರದವರು ಕಾರಿನಿಂದಿಳಿದು, ಔಷಧದಂಗಡಿಯ ಬಾಗಿಲು ತಳ್ಳಿ, ಕೌಂಟರಿನ ಮುಂದೆ ನಿಂತು, "ನಾನು ನಿಮ್ಮನ್ನ" ಎಂದರು. ಅಷ್ಟು ಹೇಳಿ ಅತ್ತಿಗೆ ಬಾಣದ ಹಾಗೆ ಹೊರಟುಬಿಟ್ಟರು. ನಾನು ಬಾಯಿ ಬಿಟ್ಟು ನಿಂತೆ, ಆಮೇಲೆ ಬಿದ್ದೆನೋ ಎದ್ದೆನೋ ಎಂದು ಓಡಿದೆ. ನೀರಿನ ಟ್ಯಾಂಕಿನ ಹತ್ತಿರ ಅವರನ್ನು ಹಿಡಿದಾಗ ಮುಂದಿನ ವಾಕ್ಯ ಸಿಕ್ಕಿತು: "ನಿಮ್ಮನ್ನ ಒಂದು ಕೆಮ್ಮಿನ ಔಷಧ ಕೇಳೋಣ ಅಂತ ಬಂದೆ." ನಗುವಷ್ಟರಲ್ಲಿ ಮತ್ತೆ ನಿಧಾನ, ಮತ್ತೆ ಮಾತು, ಮತ್ತೆ ಹದ, ಮತ್ತೆ ಅತ್ತಿಗೆ ಮಾಯ. ವಾರಕ್ಕೊಂದು ದಿನ ಹೀಗೆ. ಉಳಿದ ದಿನ ಎಂದಿನಂತೆ ಪೂರ್ತಿ ಪ್ರಶ್ನೆಗಳು.

ಪರೀಕ್ಷೆಯ ದಿನ ಅತ್ತಿಗೆ ಮೈದಾನದ ಗೇಟಿನ ಹೊರಗೆ ಕಾದರು. ಒಳಗೆ ಯಾರನ್ನೂ ಬಿಡಲಿಲ್ಲ. ನಾನು ಹೊರಬಂದಾಗ ಅವರು ಗೇಟಿನ ಸರಳು ಹಿಡಿದಿದ್ದರು.

"ಏನಾಯ್ತೋ?"

"ಬನ್ನಿ, ಓಡ್ತಾ ಹೇಳ್ತೀನಿ," ಎಂದೆ. ಮನೆಯ ಕಡೆ ಹೊರಟೆವು.

"ಒಂದು ಪೆಟ್ಟಿಗೆ ಇಟ್ಟಿದ್ರು ಅತ್ತಿಗೆ. ಅದು ಕೀಂ ಅಂದ್ರೆ ಓಡ್ಬೇಕು, ಮತ್ತೆ ಕೀಂ ಅನ್ನೋದ್ರೊಳಗೆ ಆ ಗೆರೆ ಮುಟ್ಬೇಕು. ಸ್ವಲ್ಪ ನಡೀಬೇಕು. ಮತ್ತೆ ಕೀಂ. ಪೆಟ್ಟಿಗೆಗೆ ಸಾಕಾಗೋವರೆಗೂ ಹೀಗೇ. ನನ್ನ ಪಕ್ಕ ಕಂಬ ಇದ್ದ."

"ಯಾವ ಕಂಬ?"

"ಇನ್ನೊಬ್ಬ ರೆಫರಿ. ಅಷ್ಟೆತ್ತರ ಇದಾನೆ. ಮೊದಲೆಲ್ಲ ಅವನೇ ಮುಂದೆ. ಅರ್ಧಕ್ಕೆ ಬಂದಾಗ ಮುಖ ಬೂದಿ ಬಣ್ಣ. ನನಗೋ ಬೇಜಾರು."

"ಸುಸ್ತಾ?"

"ಬೇಜಾರು. ಯಾರೂ ಮಾತಾಡ್ತಿಲ್ವಲ್ಲ. 'ಬೂಟು ಹೊಸದಾ?' ಅಂತ ಅವನನ್ನ ಕೇಳಿದೆ. 'ಹೂಂ' ಅಂದ. 'ಎಲ್ಲಿ ತಗೊಂಡೆ?' ಅಂದೆ. ಅದಕ್ಕೂ 'ಹೂಂ' ಅಂದ."

ಅತ್ತಿಗೆ ಹೆಜ್ಜೆ ತಪ್ಪಿದರು. "ಆಮೇಲೆ?"

"'ಬಾಯಿ ಮುಚ್ಕೊಂಡು ಓಡು' ಅಂತ ಕೂಗಿದ್ರು ಡಾಕ್ಟ್ರು."

"ಹಲ್ಲಿನ ಡಾಕ್ಟ್ರು? ಬಾಯಿ ಮುಚ್ಚು ಅಂದ್ರಾ?"

"ಜೀವಮಾನದಲ್ಲಿ ಮೊದಲನೇ ಸಲ ಇರ್ಬೇಕು. ಹಾಗೂ ಹೀಗೂ ಕೊನೇ ಸುತ್ತು ಬಂತು. ಕೀಂ ಅಂತು. ಹೊರಟೆ. ಅರ್ಧ ದಾರೀಲಿ ತೊಡೆ ಹಿಡ್ಕೊಳ್ತು ಅತ್ತಿಗೆ, ಕಲ್ಲಿನ ಹಾಗೆ. ಕುಂಟ್ಕೊಂಡೇ ಹೋಗ್ತಿದೀನಿ, ಗೆರೆ ಅಲ್ಲೇ ಇದೆ, ಅಷ್ಟರಲ್ಲಿ ಪೆಟ್ಟಿಗೆ..."

ಅಲ್ಲಿಗೆ ನಿಲ್ಲಿಸಿ ನಾನು ಓಡಿದೆ.

"ಲೋ," ಎಂದು ಹಿಂದಿನಿಂದ ಕೇಳಿಸಿತು, ಆಮೇಲೆ ಕ್ಯಾನ್ವಾಸ್ ಬೂಟುಗಳ ಪಟಪಟ. ದರ್ಜಿಯ ಅಂಗಡಿ ಬರುವುದರೊಳಗೆ ಅತ್ತಿಗೆ ನನ್ನ ಪಕ್ಕದಲ್ಲಿದ್ದರು. "ಪೆಟ್ಟಿಗೆ ಕೂಗಿದಾಗ ನೀನೆಲ್ಲಿದ್ದೆ, ಗೆರೆ ಆಚೆನೋ ಈಚೆನೋ?" ಪೂರ್ತಿ ವಾಕ್ಯ, ಒಂದೇ ಉಸಿರು.

"ಒಂದು ಕಾಲು ಗೆರೆ ಮೇಲೆ."

"ಒಂದು ಕಾಲು ಸಾಕಾ?"

"ಅದನ್ನೇ ಎಲ್ಲರೂ ಕೇಳಿದ್ರು. ಡಾಕ್ಟ್ರು ಬಂದು, ಮೊಣಕಾಲೂರಿ, ಟಾರ್ಚು ತೆಗೆದು, ಹುಳುಕು ಹಲ್ಲು ನೋಡೋ ಹಾಗೆ ನನ್ನ ಬೂಟಿನ ತುದಿ ನೋಡಿದ್ರು. ತಲೆ ಎತ್ತಿದ್ರು. 'ನೋಡಯ್ಯ' ಅಂದ್ರು."

ಮತ್ತೆ ಓಡಿದೆ. ಈ ಸಲ ಅತ್ತಿಗೆ ನನ್ನನ್ನು ದಾಟಿಯೇ ಹೋಗಿ, ನಮ್ಮ ಬೀದಿಯ ಮೂಲೆಯಲ್ಲಿ ಎರಡೂ ಕೈ ಚಾಚಿ ರಸ್ತೆ ಅಡ್ಡಗಟ್ಟಿ ನಿಂತರು. ಹಿಂದೆ ಬರುತ್ತಿದ್ದ ಒಂದು ಹಾಲಿನ ಗಾಡಿಯೂ ನಿಂತಿತು.

"ಹೇಳದೆ ಮನೆಗೆ ಕಾಲಿಟ್ರೆ ನೋಡು."

"ಭಾನುವಾರ ಬೇಕರಿಯವರಿಗೂ ಬಸ್ ಡಿಪೊದವರಿಗೂ ಪಂದ್ಯ," ಎಂದೆ. "ರೆಫರಿ ನಾನು."

ಅತ್ತಿಗೆ ಕೈ ಇಳಿಸಲೇ ಇಲ್ಲ. ಕೈ ಚಾಚಿಕೊಂಡೇ ನಗಲು ತೊಡಗಿದರು, ನಾನೂ ನಕ್ಕೆ, ವಿಷಯವೇನೆಂದು ತಿಳಿಯದ ಹಾಲಿನವನೂ ನಕ್ಕ. ಉಸಿರು ಸಿಕ್ಕದೆ ಇಬ್ಬರೂ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತೆವು.

"ಆ ಕಂಬ ಏನಾದ?" ಎಂದು ಅತ್ತಿಗೆ ಕಣ್ಣೊರೆಸಿಕೊಂಡು ಕೇಳಿದರು.

"ಮೇಜು."

"ಪಾಪ." ಬೂಟಿನ ದಾರ ಬಿಗಿದುಕೊಂಡರು. "ಇನ್ನೊಂದು ಸಲ ಪರೀಕ್ಷೆ ಕೊಡ್ತಾರಂತಾ ಅವನಿಗೆ?"

"ಮುಂದಿನ ಸೀಸನ್‌ಗೆ."

"ಹಾಗಾದ್ರೆ ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಕತೆ ಮೊದಲಿಂದ ಹೇಳ್ಬೇಕಾಗತ್ತೆ, ಏನು ಮಾಡೋದು."

"ನನಗೇನೂ ಬೇಜಾರಿಲ್ಲ, ಇನ್ನೊಂದು ಸಲ ಕೇಳ್ತೀನಿ."

"ಕೇಳು. ಆದ್ರೆ ಹೋದ ಸಲ ನಡೆದದ್ದೇ ಈ ಸಲವೂ ನಡೆಯತ್ತೆ ಅಂತ ನಾನು ಮಾತು ಕೊಡಲ್ಲ ಮತ್ತೆ," ಎಂದರು ಅತ್ತಿಗೆ.